ಹನ್ನೊಂದು ಪುಟ, ಮೂರು ಲಕ್ಷ ಉಲ್ಲೇಖ

ಕೋಳಿಮೊಟ್ಟೆಯ ಬಿಳಿಯ ಭಾಗವನ್ನು ನೀರಿನಲ್ಲಿ ಕಲಕಿ ಪ್ರನಾಳಕ್ಕೆ ಹಾಕಿ, ಅದಕ್ಕೆ ಕಾಸ್ಟಿಕ್ ಸೋಡಾದ ದ್ರಾವಣ ಬೆರೆಸಿ, ಮೇಲೆ ಮೈಲುತುತ್ತದ ತೆಳು ದ್ರಾವಣವನ್ನು ಒಂದೆರಡು ಹನಿ ಬಿಟ್ಟರೆ ನೇರಳೆ ಬಣ್ಣ ಮೂಡುತ್ತದೆ. ಪ್ರೌಢಶಾಲೆಯಲ್ಲೋ ಪಿಯುಸಿಯಲ್ಲೋ ಈ ಬೈಯೂರೆಟ್ ಪರೀಕ್ಷೆಯನ್ನು ನೋಡದ ವಿಜ್ಞಾನ ವಿದ್ಯಾರ್ಥಿ ಅಪರೂಪ. (ಕಾಸ್ಟಿಕ್ ಸೋಡಾ ಚರ್ಮ ಸುಡುವ ವಸ್ತು. ಮೇಷ್ಟರ ಎದುರಿನಲ್ಲಲ್ಲದೆ ಮುಟ್ಟಲು ಹೋಗಬೇಡಿ.) ನೇರಳೆ ಬಂತು, ಆದ್ದರಿಂದ ಪ್ರೋಟೀನು ಇದೆ ಎಂದು ರೆಕಾರ್ಡ್ ಪುಸ್ತಕದಲ್ಲಿ ಬರೆದರೆ ಅಂದಿನ ಪ್ರಯೋಗ ಮುಗಿಯಿತು.

ಸಂಶೋಧಕನಿಗೆ ಅಷ್ಟು ಸಾಲದು. ಇದೆಯೇ ಇಲ್ಲವೇ ಎಂಬುದಕ್ಕಿಂತ ಎಷ್ಟಿದೆ ಎಂಬುದೇ ಅವನಿಗೆ ಮುಖ್ಯ. ಯಕೃತ್ತಿನ ಒಂದು ಚೂರಿನಲ್ಲಿ, ರಕ್ತದ ಒಂದು ಹನಿಯಲ್ಲಿ, ಕೆಲವೇ ಜೀವಕೋಶಗಳಲ್ಲಿ ಪ್ರೋಟೀನು ಎಷ್ಟಿದೆ? ಬೈಯೂರೆಟ್ ಪರೀಕ್ಷೆಯಿಂದಲೂ ಅಳೆಯಬಹುದು. ಆದರೆ ಅದಕ್ಕೆ ಮಿಲಿಗ್ರಾಂ ಲೆಕ್ಕದ ಸರಕು ಬೇಕು. ಅದರ ನೂರರಲ್ಲಿ ಒಂದು ಪಾಲು ಮಾತ್ರ ಕೈಯಲ್ಲಿದ್ದರೆ ಬಣ್ಣ ಕಣ್ಣಿಗೇ ಕಾಣದು.

ಈ ಪುಟ್ಟ ತೊಂದರೆಗೆ ಪರಿಹಾರ ಹೇಳಿದ ಒಂದು ಪ್ರಬಂಧ 1951ರಲ್ಲಿ ಅಮೆರಿಕದ ‘ಜರ್ನಲ್ ಆಫ್ ಬಯೊಲಾಜಿಕಲ್ ಕೆಮಿಸ್ಟ್ರಿ’ ಎಂಬ ನಿಯತಕಾಲಿಕದಲ್ಲಿ ಪ್ರಕಟವಾಯಿತು. 265ನೇ ಪುಟದಿಂದ 275ನೇ ಪುಟದವರೆಗೆ, ಒಟ್ಟು ಹನ್ನೊಂದು ಪುಟ. ವಿಜ್ಞಾನದ ಇತಿಹಾಸದಲ್ಲಿ ಬೇರೆಲ್ಲ ಪ್ರಬಂಧಗಳಿಗಿಂತ ಹೆಚ್ಚು ಸಲ ಇತರರು ಹೆಸರಿಸಿದ ಪ್ರಬಂಧ ಯಾವುದು ಎಂದು 2014ರಲ್ಲಿ ‘ನೇಚರ್’ ಪತ್ರಿಕೆ ಲೆಕ್ಕ ಹಾಕಿಸಿದಾಗ ಮೊದಲ ಸ್ಥಾನ ಸಿಕ್ಕಿದ್ದು ಇದಕ್ಕೇ. ಆ ಹೊತ್ತಿಗೆ ಅದನ್ನು ಉಲ್ಲೇಖಿಸಿದ್ದ ಪ್ರಬಂಧಗಳು ಮೂರು ಲಕ್ಷಕ್ಕೂ ಹೆಚ್ಚು! ಇದರ ಮೊದಲ ಲೇಖಕ ಆಲಿವರ್ ಲೌರಿ ಎಂಬ ಜೀವರಸಾಯನ ವಿಜ್ಞಾನಿ.

ಲೌರಿಯ ಹೆಸರನ್ನು ನೀವು ಕೇಳಿರಲಿಕ್ಕಿಲ್ಲ. ಅದರಲ್ಲೇ ಒಂದು ಸ್ವಾರಸ್ಯವಿದೆ.

ಮೊದಲು ಈ ‘ಉಲ್ಲೇಖ’ ಎಂದರೇನೆಂದು ನೋಡೋಣ. ಸಂಶೋಧನೆ ಮಾಡಿದವರು ತಮ್ಮ ಫಲಿತಾಂಶವನ್ನು ಪ್ರಬಂಧವಾಗಿ ಬರೆಯುತ್ತಾರೆ. ಅದನ್ನು ಅದೇ ಕ್ಷೇತ್ರದ ಬಲ್ಲವರು ಪರಿಶೀಲಿಸಿ ಸರಿಯೆಂದ ಮೇಲೆ ನಿಯತಕಾಲಿಕ ಅಚ್ಚು ಮಾಡುತ್ತದೆ. ಪ್ರಬಂಧದ ಕೊನೆಯಲ್ಲಿ ಒಂದು ಪಟ್ಟಿ ಇರುತ್ತದೆ. ಈ ಸಂಗತಿಯನ್ನು ಇಂಥವರಿಂದ ತಿಳಿದೆ, ಈ ವಿಧಾನವನ್ನು ಇಂಥವರಿಂದ ಪಡೆದೆ, ಇಂಥವರ ಮಾತನ್ನು ಒಪ್ಪುವುದಿಲ್ಲ ಎಂದೆಲ್ಲ ತಿಳಿಸುವ ಪಟ್ಟಿ ಅದು. ನೆರೆಮನೆಯಿಂದ ಒಂದು ಪಾವು ಸಕ್ಕರೆ ತಂದರೂ ನೆನಪಿಟ್ಟುಕೊಳ್ಳುವ ಗೃಹಿಣಿಯಂತೆ ವಿಜ್ಞಾನಿಯೂ ಕೈಗಡವನ್ನು ಬರೆದಿಡಬೇಕು. ಆ ಪಟ್ಟಿಯಲ್ಲಿ ಒಂದು ಪ್ರಬಂಧದ ಹೆಸರು ಬಂದರೆ ಅದಕ್ಕೆ ಒಂದು ಉಲ್ಲೇಖ ದೊರೆತಂತೆ.

ಲೌರಿ ಹುಟ್ಟಿದ್ದು 1910ರಲ್ಲಿ, ಷಿಕಾಗೊ ನಗರದಲ್ಲಿ. ಅದೇ ಊರಿನ ವಿಶ್ವವಿದ್ಯಾಲಯದಲ್ಲಿ 1937ರಲ್ಲಿ ವೈದ್ಯ ಪದವಿ, ಡಾಕ್ಟರೇಟ್ ಎರಡನ್ನೂ ಪಡೆದರು. ರೋಗಿಗಳನ್ನು ನೋಡುವ ಬದಲು ಪ್ರಯೋಗಶಾಲೆಗೆ ಹೋದರು. ಅವರ ಜೀವಮಾನದ ಹುಚ್ಚು ಒಂದೇ, ಅತ್ಯಲ್ಪ ವಸ್ತುವಿನಲ್ಲಿ ಅತ್ಯಲ್ಪ ಪ್ರಮಾಣವನ್ನು ಅಳೆಯುವುದು. ಎರಡನೇ ಮಹಾಯುದ್ಧದ ಕಾಲದಲ್ಲಿ ನ್ಯೂಯಾರ್ಕಿನ ಸಾರ್ವಜನಿಕ ಆರೋಗ್ಯ ಸಂಶೋಧನಾ ಸಂಸ್ಥೆಯಲ್ಲಿ ಆಟೊ ಬೆಸ್ಸಿ ಅವರ ಜೊತೆಗೂಡಿ, ಬೆರಳ ತುದಿಯಿಂದ ತೆಗೆದ ಕೆಲವೇ ಹನಿ ರಕ್ತದಲ್ಲಿ ಜೀವಸತ್ವಗಳನ್ನು ಅಳೆಯುವ ವಿಧಾನಗಳನ್ನು ರೂಪಿಸಿದರು. ಜನರ ಪೌಷ್ಟಿಕತೆಯನ್ನು ದೊಡ್ಡ ಪ್ರಮಾಣದಲ್ಲಿ ಸಮೀಕ್ಷೆ ಮಾಡಲು ಇದರಿಂದ ಸಾಧ್ಯವಾಯಿತು. ಮುಂದೆ ಸ್ಫಟಿಕ ಶಿಲೆಯ ಎಳೆಯಿಂದ ಗಾಳದ ಕೋಲಿನಂಥ ಒಂದು ತಕ್ಕಡಿಯನ್ನು ಅವರು ಮಾಡಿಕೊಂಡರು. ಎಳೆಯ ತುದಿಗೆ ವಸ್ತುವನ್ನಿಟ್ಟರೆ ಅದು ಎಷ್ಟು ಬಾಗಿತೆಂದು ಸೂಕ್ಷ್ಮದರ್ಶಕದಲ್ಲಿ ನೋಡಿ ತೂಕ ಹೇಳಬಹುದು. ಒಂದೇ ಒಂದು ನರಕೋಶವನ್ನು ತೂಗಿ, ಅದರೊಳಗಿನ ರಸಾಯನವನ್ನು ಅಳೆಯುವ ಮಟ್ಟಕ್ಕೆ ಅವರ ಕೆಲಸ ಹೋಯಿತು. ಅವರ ನಿಜವಾದ ಸಾಧನೆ ಎಂದರೆ ಇದು.

1947ರಲ್ಲಿ ಸೇಂಟ್ ಲೂಯಿಸ್ ನಗರದ ವಾಷಿಂಗ್ಟನ್ ವಿಶ್ವವಿದ್ಯಾಲಯಕ್ಕೆ ಔಷಧ ವಿಜ್ಞಾನ ವಿಭಾಗದ ಮುಖ್ಯಸ್ಥರಾಗಿ ಬಂದಾಗ ಪ್ರೋಟೀನು ಅಳೆಯುವ ಒಂದು ಉಪಾಯವೂ ಅವರ ಬಳಿ ಇತ್ತು. ಅದು ಪೂರ್ತಿ ಹೊಸದೇನಲ್ಲ. ಬೈಯೂರೆಟ್ ಪರೀಕ್ಷೆಯಲ್ಲಿ ನಡೆಯುವಂತೆ ಕ್ಷಾರದಲ್ಲಿ ತಾಮ್ರವು ಪ್ರೋಟೀನಿನ ಸರಪಳಿಯನ್ನು ಹಿಡಿದುಕೊಳ್ಳುತ್ತದೆ. ಆಮೇಲೆ ಫೋಲಿನ್ ಎಂಬ ವಿಜ್ಞಾನಿಯ ಹೆಸರಿನ, ಮಾಲಿಬ್ಡಿನಂ ಮತ್ತು ಟಂಗ್‌ಸ್ಟನ್ ಲೋಹಗಳ ಸಂಯುಕ್ತಗಳಿರುವ ಹಳದಿ ದ್ರಾವಣವನ್ನು ಸೇರಿಸಬೇಕು. ತಾಮ್ರ ಹಿಡಿದ ಪ್ರೋಟೀನು ಈ ದ್ರಾವಣಕ್ಕೆ ಇಲೆಕ್ಟ್ರಾನುಗಳನ್ನು ದಾಟಿಸುತ್ತದೆ. ಹಳದಿ ಹೋಗಿ ಗಾಢ ನೀಲಿ ಬರುತ್ತದೆ. ನೀಲಿ ಎಷ್ಟು ಗಾಢವೆಂದು ಕಲರಿಮೀಟರಿನಲ್ಲಿ ನೋಡಿದರೆ ಪ್ರೋಟೀನು ಎಷ್ಟೆಂದು ತಿಳಿಯುತ್ತದೆ. ಬೈಯೂರೆಟ್‌ಗಿಂತ ಇದು ನೂರು ಪಟ್ಟು ಸೂಕ್ಷ್ಮ. ಫೋಲಿನ್ ದ್ರಾವಣವನ್ನು ಪ್ರೋಟೀನಿಗೆ ಬಳಸುವುದು 1920ರ ದಶಕದಿಂದಲೇ ಗೊತ್ತಿತ್ತು. ಯಾವುದನ್ನು ಎಷ್ಟು ಹಾಕಬೇಕು, ಯಾವಾಗ ಹಾಕಬೇಕು, ಎಷ್ಟು ಹೊತ್ತು ಕಾಯಬೇಕು, ಯಾವ ವಸ್ತು ಬೆರೆತರೆ ಲೆಕ್ಕ ಕೆಡುತ್ತದೆ ಎಂಬುದನ್ನೆಲ್ಲ ಒರೆಗೆ ಹಚ್ಚಿ, ಯಾರು ಮಾಡಿದರೂ ಸರಿಯಾಗಿ ಬರುವಂತೆ ಮಾಡಿದ್ದು ಲೌರಿಯ ತಂಡ. ಒಳ್ಳೆಯ ಬಾಣಸಿಗ ಕೈಯಳತೆಯಲ್ಲಿ ಮಾಡುವುದನ್ನು ಹೊಸ ಸೊಸೆಯೂ ತಪ್ಪದೆ ಮಾಡುವಂತೆ ಬರೆದುಕೊಡುವುದು ಹೇಗೋ ಹಾಗೆ.

ಲೌರಿಗೆ ಇದನ್ನು ಪ್ರಕಟಿಸಬೇಕೆಂಬ ಆತುರವೂ ಇರಲಿಲ್ಲ. ಸುತ್ತಮುತ್ತಲಿನ ಪ್ರಯೋಗಶಾಲೆಗಳವರು ಕೇಳಿ ತಿಳಿದು ಬಳಸುತ್ತಿದ್ದರು. ಅದೇ ವಿಶ್ವವಿದ್ಯಾಲಯದಲ್ಲಿದ್ದ ಅರ್ಲ್ ಸದರ್‌ಲ್ಯಾಂಡ್ ಎಂಬಾತನಿಗೆ ಮಾತ್ರ ಪೇಚಾಟವಾಯಿತು. ತನ್ನ ಪ್ರಬಂಧದಲ್ಲಿ ಈ ವಿಧಾನವನ್ನು ಹೆಸರಿಸಬೇಕು, ಆದರೆ ಹೆಸರಿಸಲು ಅಚ್ಚಾದ ಹಾಳೆಯೇ ಇಲ್ಲ. ಬರೆದು ಪ್ರಕಟಿಸಿ ಎಂದು ಆತ ಒತ್ತಾಯ ಮಾಡಿದ. ಲೌರಿ ಬರೆದು ಕಳಿಸಿದರು. ಪತ್ರಿಕೆಯವರು ಬಹಳ ಉದ್ದವಾಯಿತೆಂದು ವಾಪಸು ಕಳಿಸಿದರು! ಕತ್ತರಿ ಆಡಿಸಿದ ಮೇಲೆ ಉಳಿದದ್ದೇ ಆ ಹನ್ನೊಂದು ಪುಟ. ಅದೇ ಸದರ್‌ಲ್ಯಾಂಡ್‌ಗೆ ಹಾರ್ಮೋನುಗಳ ಕಾರ್ಯವನ್ನು ವಿವರಿಸಿದ್ದಕ್ಕೆ 1971ರಲ್ಲಿ ನೊಬೆಲ್ ಬಹುಮಾನ ಬಂತು. ಲೌರಿಗೆ ಬರಲಿಲ್ಲ.

ಪ್ರಬಂಧದ ಮೇಲೆ ನಾಲ್ಕು ಹೆಸರುಗಳಿದ್ದವು. ಲೌರಿ, ನೀರಾ ರೋಸ್‌ಬ್ರೊ, ಲೂಯಿಸ್ ಫಾರ್ ಮತ್ತು ರೋಸ್ ರ್‍ಯಾಂಡಲ್. ಮೂರು ಲಕ್ಷ ಪಟ್ಟಿಗಳಲ್ಲಿ ಎಲ್ಲೋ ಮೂಲೆಯಲ್ಲಿ ಉಳಿದ ಮೂವರೂ ಇದ್ದಾರೆ. ಆದರೆ ಓದುವಾಗ, ಮಾತನಾಡುವಾಗ ಎಲ್ಲರೂ ಹೇಳುವುದು ‘ಲೌರಿ ಮತ್ತಿತರರು’ ಎಂದೇ. ಇಬ್ಬರು ಹೆಂಗಸರೂ ಒಬ್ಬ ಗಂಡಸೂ ಆ ‘ಮತ್ತಿತರರು’ ಎಂಬ ಒಂದು ಪದದೊಳಗೆ ಸೇರಿಹೋದರು.

ಇಷ್ಟೊಂದು ಉಲ್ಲೇಖ ಏಕೆ ಬಂತು? ಕ್ಯಾನ್ಸರ್ ಅಧ್ಯಯನ ಮಾಡುವವನಿಗೂ ಪ್ರೋಟೀನು ಅಳೆಯಬೇಕು, ಗೋಧಿಯ ತಳಿ ಪರೀಕ್ಷಿಸುವವನಿಗೂ ಅಳೆಯಬೇಕು, ಹಾವಿನ ವಿಷ ಶುದ್ಧಿ ಮಾಡುವವನಿಗೂ ಅಳೆಯಬೇಕು. ಕಿರಾಣಿ ಅಂಗಡಿಯಲ್ಲಿ ಬೆಲ್ಲಕ್ಕೂ ಬೇಳೆಗೂ ತಕ್ಕಡಿ ಒಂದೇ ಅಲ್ಲವೇ? ಅದೇ 2014ರ ಪಟ್ಟಿಯಲ್ಲಿ ಎರಡನೇ ಸ್ಥಾನ ಪಡೆದ ಲ್ಯಾಮ್ಲಿ ಅವರ 1970ರ ಪ್ರಬಂಧ ಪ್ರೋಟೀನುಗಳನ್ನು ಬೇರ್ಪಡಿಸುವ ವಿಧಾನದ್ದು. ಮೂರನೆಯದಾದ ಬ್ರಾಡ್‌ಫರ್ಡ್ ಅವರ 1976ರ ಪ್ರಬಂಧ ಮತ್ತೆ ಪ್ರೋಟೀನು ಅಳೆಯುವ ಇನ್ನೊಂದು ವಿಧಾನದ್ದು. ಪಟ್ಟಿಯ ತುಂಬ ಇಂಥ ತಕ್ಕಡಿ, ಅಳತೆಗೋಲು, ಜರಡಿಗಳೇ ಹೆಚ್ಚು.

ಡಿಎನ್‌ಎಯ ಸುರುಳಿ ಏಣಿಯನ್ನು ಜಗತ್ತಿಗೆ ತೋರಿಸಿದ ವಾಟ್ಸನ್ ಮತ್ತು ಕ್ರಿಕ್ ಅವರ 1953ರ ಪ್ರಬಂಧ ಎಲ್ಲಿದೆ? ಮೊದಲ ನೂರರಲ್ಲಿ ಅದರ ಸುಳಿವೇ ಇಲ್ಲ. ನೂರರೊಳಗೆ ಬರಲು ಹನ್ನೆರಡು ಸಾವಿರಕ್ಕಿಂತ ಹೆಚ್ಚು ಉಲ್ಲೇಖ ಬೇಕಿತ್ತು. ಅದಕ್ಕೆ ಆಗ ಇದ್ದದ್ದು ಸುಮಾರು ಐದು ಸಾವಿರ. ಕಾರಣ ಸರಳ. ದೊಡ್ಡ ಸತ್ಯವೊಂದು ಪಠ್ಯಪುಸ್ತಕದೊಳಗೆ ಸೇರಿದ ಮೇಲೆ ಅದನ್ನು ಯಾರಿಂದ ಪಡೆದೆವೆಂದು ಯಾರೂ ಬರೆಯುವುದಿಲ್ಲ. ಗುರುತ್ವದ ಲೆಕ್ಕ ಮಾಡುವಾಗ ನ್ಯೂಟನ್ನನ ಪುಸ್ತಕದ ಪುಟಸಂಖ್ಯೆ ಕೊಡುವವರುಂಟೇ? ಲೌರಿಗೂ ಇದು ಗೊತ್ತಿತ್ತು. ತನ್ನ ಪ್ರಬಂಧ ಮಹತ್ವದ್ದೇನಲ್ಲ, ಆದರೂ ಅದಕ್ಕೆ ಸಿಗುತ್ತಿರುವ ಮನ್ನಣೆ ನೋಡಿದರೆ ಗುಟ್ಟಾಗಿ ಖುಷಿಯಾಗುತ್ತದೆ ಎಂಬ ಅರ್ಥದಲ್ಲಿ ಅವರೇ ಬರೆದದ್ದುಂಟು. 1990ರಲ್ಲಿ ಅವರು ಬರೆದ ಆತ್ಮಕಥನದ ಲೇಖನಕ್ಕೆ ಕೊಟ್ಟ ಹೆಸರು ‘ಮೇಧಾವಿಯಾಗದೆಯೇ ಸಂಶೋಧನೆಯಲ್ಲಿ ಯಶಸ್ವಿಯಾಗುವುದು ಹೇಗೆ’ ಎಂದು!

ಇಲ್ಲಿ ನಮ್ಮವರೊಬ್ಬರನ್ನು ನೆನೆಯದೆ ಮುಂದೆ ಹೋಗುವುದು ನ್ಯಾಯವಲ್ಲ. ಆಂಧ್ರದ ಭೀಮವರಂನಲ್ಲಿ 1895ರಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅಮೆರಿಕದ ಹಾರ್ವರ್ಡ್‌ನಲ್ಲಿದ್ದಾಗ 1925ರಲ್ಲಿ ಸೈರಸ್ ಫಿಸ್ಕ್ ಅವರೊಡನೆ ರಂಜಕವನ್ನು ಅಳೆಯುವ ವಿಧಾನವನ್ನು ಪ್ರಕಟಿಸಿದರು. ಅದೇ ನಿಯತಕಾಲಿಕ, ಅದೇ ಮಾಲಿಬ್ಡಿನಂನ ನೀಲಿ ಬಣ್ಣ. ಅದೂ ಸಾವಿರಾರು ಪ್ರಬಂಧಗಳ ಪಟ್ಟಿಯಲ್ಲಿ ಕುಳಿತಿದೆ. ಸುಬ್ಬರಾವ್ 1948ರಲ್ಲೇ ತೀರಿಕೊಂಡರು. ಉಲ್ಲೇಖಗಳನ್ನು ಎಣಿಸುವ ಪದ್ಧತಿ ಆಗ ಇನ್ನೂ ಹುಟ್ಟಿರಲಿಲ್ಲ.

ಎಣಿಸುವ ಪದ್ಧತಿಯನ್ನು ತಂದವರು ಯೂಜೀನ್ ಗಾರ್‌ಫೀಲ್ಡ್. ಅವರಿಗೆ ಸುಳಿವು ಸಿಕ್ಕಿದ್ದು ವಕೀಲರಿಂದ. ನ್ಯಾಯಾಲಯದಲ್ಲಿ ಹಳೆಯ ತೀರ್ಪನ್ನು ಮುಂದಿಟ್ಟು ವಾದ ಮಾಡುವುದು ನಿಮಗೆ ಗೊತ್ತು. ಆ ತೀರ್ಪನ್ನು ಆಮೇಲಿನ ಯಾವ ಯಾವ ತೀರ್ಪುಗಳು ಎತ್ತಿಹಿಡಿದಿವೆ, ಯಾವುವು ತಳ್ಳಿಹಾಕಿವೆ ಎಂದು ತೋರಿಸುವ ಸೂಚಿ ಅಮೆರಿಕದ ವಕೀಲರ ಬಳಿ ಹತ್ತೊಂಬತ್ತನೇ ಶತಮಾನದಿಂದಲೇ ಇತ್ತು. ವಿಜ್ಞಾನಕ್ಕೂ ಇಂಥದೊಂದು ಏಕೆ ಬೇಡ ಎಂದು ಗಾರ್‌ಫೀಲ್ಡ್ 1955ರಲ್ಲಿ ಕೇಳಿದರು. ಕೋಳಿಗೂಡನ್ನು ಮಾರ್ಪಡಿಸಿದ ಒಂದು ಕೊಠಡಿಯಲ್ಲಿ ಆರಂಭವಾದ ಅವರ ಉದ್ಯಮ 1960ರ ದಶಕದಲ್ಲಿ ‘ಸೈನ್ಸ್ ಸೈಟೇಶನ್ ಇಂಡೆಕ್ಸ್’ ಎಂಬ ಸಂಪುಟಗಳನ್ನು ಹೊರತಂದಿತು. ಒಂದು ಹಳೆಯ ಪ್ರಬಂಧವನ್ನು ಹಿಡಿದು, ಅದರ ಜಾಡಿನಲ್ಲಿ ನಂತರ ಬಂದವರನ್ನು ಹುಡುಕಿಕೊಳ್ಳುವುದಕ್ಕೆ ಇದೊಂದು ದಾರಿಸೂಚಿ. ಮನುಷ್ಯರನ್ನು ತೂಗಲು ಮಾಡಿದ ತಕ್ಕಡಿ ಅಲ್ಲ.

ಆದರೆ ಎಣಿಕೆ ಸಿಕ್ಕಿದ ಮೇಲೆ ತೂಗದೆ ಬಿಡುತ್ತಾರೆಯೇ? ಒಂದು ನಿಯತಕಾಲಿಕದ ಪ್ರಬಂಧಗಳಿಗೆ ಸರಾಸರಿ ಎಷ್ಟು ಉಲ್ಲೇಖ ಬರುತ್ತದೆ ಎಂಬುದಕ್ಕೆ ‘ಇಂಪ್ಯಾಕ್ಟ್ ಫ್ಯಾಕ್ಟರ್’ ಎಂಬ ಹೆಸರು ಬಂತು. ಗ್ರಂಥಾಲಯದವರು ಯಾವ ಪತ್ರಿಕೆ ತರಿಸಬೇಕೆಂದು ಯೋಚಿಸುವಾಗ ಇದು ಉಪಯುಕ್ತ. ಅದನ್ನೇ ಒಬ್ಬ ಲೇಖಕನ ಯೋಗ್ಯತೆಗೆ ಹಚ್ಚುವುದು, ಶಾಲೆಯ ಫಲಿತಾಂಶ ನೂರಕ್ಕೆ ತೊಂಬತ್ತು ಬಂತೆಂದು ಅಲ್ಲಿನ ಪ್ರತಿ ಹುಡುಗನಿಗೂ ತೊಂಬತ್ತು ಅಂಕ ಕೊಟ್ಟಂತೆ.

2005ರಲ್ಲಿ ಹೋರ್ಹೆ ಹಿರ್ಶ್ ಎಂಬ ಭೌತವಿಜ್ಞಾನಿ ವ್ಯಕ್ತಿಗಳಿಗೇ ಒಂದು ಅಳತೆ ಸೂಚಿಸಿದರು. ಅದು ‘ಎಚ್-ಇಂಡೆಕ್ಸ್’. ಒಬ್ಬ ಸಂಶೋಧಕಿ ಐದು ಪ್ರಬಂಧ ಬರೆದಿದ್ದಾಳೆ, ಅವಕ್ಕೆ ಬಂದ ಉಲ್ಲೇಖ ಕ್ರಮವಾಗಿ 40, 12, 6, 4, 1 ಎಂದಿಟ್ಟುಕೊಳ್ಳಿ. ಕನಿಷ್ಠ ನಾಲ್ಕು ಉಲ್ಲೇಖ ಪಡೆದ ನಾಲ್ಕು ಪ್ರಬಂಧಗಳಿವೆ. ಐದು ಉಲ್ಲೇಖ ಪಡೆದ ಐದು ಪ್ರಬಂಧಗಳಿಲ್ಲ. ಆದ್ದರಿಂದ ಆಕೆಯ ಎಚ್-ಇಂಡೆಕ್ಸ್ 4. ಬರೀ ಸಂಖ್ಯೆ ಹೆಚ್ಚಿಸುವವನಿಗೂ, ಒಂದೇ ಗೆಲುವಿನ ಮೇಲೆ ಕುಳಿತವನಿಗೂ ಇದು ಕಡಿವಾಣ ಹಾಕುತ್ತದೆ. ಜಾಣ ಉಪಾಯವೇ ಸರಿ. ಆದರೆ ಲೌರಿಯ ಆ ಪ್ರಬಂಧವೊಂದನ್ನೇ ಬರೆದು ಸುಮ್ಮನಾದವರು ಯಾರಾದರೂ ಇದ್ದಿದ್ದರೆ, ಮೂರು ಲಕ್ಷ ಉಲ್ಲೇಖ ಇಟ್ಟುಕೊಂಡೂ ಅವರ ಎಚ್-ಇಂಡೆಕ್ಸ್ ಎಷ್ಟು ಗೊತ್ತೇ? ಒಂದು!

ಇನ್ನು ಲೆಕ್ಕದ ಇನ್ನೊಂದು ತುದಿಯನ್ನು ನೋಡಬೇಕು. ಉಲ್ಲೇಖವೇ ಇಲ್ಲದ, ಅನುದಾನವೂ ಸಿಗದ ಒಬ್ಬ ಹೆಂಗಸಿನ ಕಥೆ ಅದು. ಕ್ಯಾಟಲಿನ್ ಕರಿಕೊ ಹಂಗೆರಿಯಲ್ಲಿ 1955ರಲ್ಲಿ ಹುಟ್ಟಿದವರು, ಕಸಾಯಿ ಕೆಲಸದವರ ಮಗಳು. 1985ರಲ್ಲಿ ಕೆಲಸ ಹೋದಾಗ ಗಂಡ ಮತ್ತು ಎರಡು ವರ್ಷದ ಮಗಳೊಡನೆ ಅಮೆರಿಕಕ್ಕೆ ಹೊರಟರು. ಕಾರು ಮಾರಿದ ಹಣವನ್ನು ಹೊರಗೆ ಒಯ್ಯಲು ಆಗಿನ ಹಂಗೆರಿಯಲ್ಲಿ ಅನುಮತಿ ಇರಲಿಲ್ಲ. ಮಗುವಿನ ಗೊಂಬೆ ಕರಡಿಯ ಹೊಟ್ಟೆಯೊಳಗೆ ಹೊಲಿದು ಒಯ್ದರು.

ಅವರು ಹಿಡಿದಿದ್ದ ವಿಷಯ ಎಂಆರ್‌ಎನ್‌ಎ. ಜೀವಕೋಶದಲ್ಲಿ ಪ್ರೋಟೀನು ಹೇಗೆ ತಯಾರಾಗಬೇಕೆಂಬ ಸೂಚನೆಯನ್ನು ಒಯ್ಯುವ ಅಣು ಅದು. ಅದನ್ನು ಹೊರಗೆ ತಯಾರಿಸಿ ದೇಹಕ್ಕೆ ಸೇರಿಸಿದರೆ ಬೇಕಾದ ಪ್ರೋಟೀನನ್ನು ದೇಹವೇ ಮಾಡಿಕೊಳ್ಳುವುದಲ್ಲ ಎಂಬುದು ಕರಿಕೊ ಯೋಚನೆ. ದೇಹ ಮಾತ್ರ ಅದನ್ನು ಶತ್ರು ಎಂದು ಭಾವಿಸಿ ಉರಿಯೂತ ಎಬ್ಬಿಸುತ್ತಿತ್ತು. ಇದು ಆಗುವ ಹೋಗುವ ಮಾತಲ್ಲ ಎಂದು ಅನುದಾನ ಕೊಡುವವರು ಅರ್ಜಿಯ ಮೇಲೆ ಅರ್ಜಿ ತಿರಸ್ಕರಿಸಿದರು. ಅನುದಾನವಿಲ್ಲದಿದ್ದರೆ ಪ್ರಯೋಗ ಕಡಿಮೆ, ಪ್ರಯೋಗ ಕಡಿಮೆಯಾದರೆ ಪ್ರಬಂಧ ಕಡಿಮೆ, ಪ್ರಬಂಧವಿಲ್ಲದೆ ಉಲ್ಲೇಖವೆಲ್ಲಿ? ಉಲ್ಲೇಖವಿಲ್ಲದವರಿಗೆ ಅನುದಾನವಿಲ್ಲ. ಈ ಗಾಣದಲ್ಲಿ ಸುತ್ತಿ ಸುತ್ತಿ 1995ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಅವರ ಹುದ್ದೆಯೇ ಕೆಳಗಿಳಿಯಿತು. ಅವರು ಬಿಟ್ಟು ಹೋಗಲಿಲ್ಲ.

1990ರ ದಶಕದ ಕೊನೆಯಲ್ಲಿ ಜೆರಾಕ್ಸ್ ಯಂತ್ರದ ಮುಂದೆ ಸರದಿಗೆ ಕಾಯುವಾಗ ಡ್ರೂ ವೈಸ್‌ಮನ್ ಎಂಬ ವೈದ್ಯ ವಿಜ್ಞಾನಿಯ ಪರಿಚಯವಾಯಿತು. ನಿಯತಕಾಲಿಕಗಳ ಪ್ರಬಂಧಗಳನ್ನು ನಕಲು ತೆಗೆದುಕೊಳ್ಳಲು ಇಬ್ಬರೂ ಅಲ್ಲಿಗೆ ಬರುತ್ತಿದ್ದರು. ಮಾತು ಬೆಳೆದು ಜೊತೆಗೂಡಿ ಕೆಲಸ ಮಾಡಿದರು. ಎಂಆರ್‌ಎನ್‌ಎಯ ನಾಲ್ಕು ಅಕ್ಷರಗಳಲ್ಲಿ ಒಂದಾದ ಯುರಿಡಿನ್ ಬದಲಿಗೆ ಅದರ ಸ್ವಲ್ಪ ಬದಲಾದ ರೂಪ ಸ್ಯೂಡೊಯುರಿಡಿನ್ ಇಟ್ಟರೆ ದೇಹ ಕೆರಳುವುದಿಲ್ಲ ಎಂದು ಕಂಡುಕೊಂಡರು. 2005ರಲ್ಲಿ ‘ಇಮ್ಯುನಿಟಿ’ ಎಂಬ ನಿಯತಕಾಲಿಕದಲ್ಲಿ ಅದು ಪ್ರಕಟವಾಯಿತು. ಅದಕ್ಕೆ ಮುಂಚೆ ಹೆಚ್ಚು ಪ್ರಸಿದ್ಧವಾದ ಪತ್ರಿಕೆಯೊಂದು ಅದನ್ನು ಹಿಂದಿರುಗಿಸಿತ್ತು. ಪ್ರಕಟವಾದ ಮೇಲೂ ಹೇಳಿಕೊಳ್ಳುವಷ್ಟು ಗದ್ದಲವಾಗಲಿಲ್ಲ. ಹಿರ್ಶ್ ತಮ್ಮ ಎಚ್-ಇಂಡೆಕ್ಸ್ ಸೂಚಿಸಿದ್ದೂ ಅದೇ 2005ರಲ್ಲಿ ಎಂಬುದು ಕಾಕತಾಳೀಯ.

2020ರಲ್ಲಿ ಕೋವಿಡ್ ಬಂದಾಗ ಕೆಲವೇ ತಿಂಗಳಲ್ಲಿ ಎಂಆರ್‌ಎನ್‌ಎ ಲಸಿಕೆಗಳು ತಯಾರಾದದ್ದು ಈ ಕೆಲಸದ ಆಧಾರದ ಮೇಲೆ. ಆಮೇಲೆ ಉಲ್ಲೇಖಗಳ ಸುರಿಮಳೆಯೇ ಆಯಿತು. 2023ರಲ್ಲಿ ಕರಿಕೊ ಮತ್ತು ವೈಸ್‌ಮನ್ ಇಬ್ಬರಿಗೂ ವೈದ್ಯಕೀಯ ನೊಬೆಲ್ ಸಂದಿತು. ಗೊಂಬೆ ಕರಡಿಯನ್ನು ಹಿಡಿದು ಬಂದಿದ್ದ ಮಗಳು ಅಷ್ಟರಲ್ಲಿ ದೋಣಿ ಹುಟ್ಟುಹಾಕುವ ಸ್ಪರ್ಧೆಯಲ್ಲಿ ಎರಡು ಒಲಿಂಪಿಕ್ ಚಿನ್ನ ಗೆದ್ದಿದ್ದಳು.

ಈ ಲೆಕ್ಕಾಚಾರ ದೂರದ ಅಮೆರಿಕದ ಸಂಗತಿ ಎಂದು ತಂದೆತಾಯಂದಿರು ತಿಳಿಯಬೇಕಿಲ್ಲ. ನಮ್ಮ ಯುಜಿಸಿ 2009ರ ನಿಯಮದಲ್ಲಿ, ಪಿಎಚ್.ಡಿ. ಪ್ರಬಂಧ ಒಪ್ಪಿಸುವ ಮುನ್ನ ನಿಯತಕಾಲಿಕವೊಂದರಲ್ಲಿ ಲೇಖನ ಪ್ರಕಟವಾಗಿರಲೇಬೇಕು ಎಂದು ಹೇಳಿತು. 2010ರಿಂದ ಕಾಲೇಜು ಅಧ್ಯಾಪಕರ ನೇಮಕ, ಬಡ್ತಿಗಳಿಗೂ ಪ್ರಬಂಧಕ್ಕೆ ಇಷ್ಟು ಅಂಕ ಎಂಬ ಪದ್ಧತಿ ಬಂತು. ಬೇಡಿಕೆ ಹುಟ್ಟಿದಲ್ಲಿ ಅಂಗಡಿ ಹುಟ್ಟದಿರುತ್ತದೆಯೇ? ಹಣ ಕೊಟ್ಟರೆ ಪರಿಶೀಲನೆಯ ಶಾಸ್ತ್ರವೂ ಇಲ್ಲದೆ ಅಚ್ಚು ಹಾಕುವ ನಕಲಿ ನಿಯತಕಾಲಿಕಗಳು ನಾಯಿಕೊಡೆಗಳಂತೆ ಎದ್ದವು. ಹೆಸರುಗಳು ಮಾತ್ರ ಭರ್ಜರಿ, ‘ಅಂತರರಾಷ್ಟ್ರೀಯ’ ಎಂಬುದು ಇರಲೇಬೇಕು. ನಾನು ನಿನ್ನನ್ನು ಉಲ್ಲೇಖಿಸುತ್ತೇನೆ, ನೀನು ನನ್ನನ್ನು ಉಲ್ಲೇಖಿಸು ಎಂಬ ಒಳ ಒಪ್ಪಂದಗಳೂ ಹಲವು ದೇಶಗಳಲ್ಲಿ ಬಯಲಾದವು. ಹೊಟ್ಟೆಪಾಡಿಗಾಗಿ ಈ ಸಾಲಿನಲ್ಲಿ ನಿಂತ ಯುವಕ ಯುವತಿಯರನ್ನು ಬೈದು ಫಲವಿಲ್ಲ. ಸಾಲು ಹಚ್ಚಿಸಿದವರನ್ನು ಕೇಳಬೇಕು. ಪಿಎಚ್.ಡಿ.ಗೆ ಲೇಖನ ಕಡ್ಡಾಯವೆಂಬ ನಿಯಮವನ್ನು ಯುಜಿಸಿ 2022ರಲ್ಲಿ ಕೈಬಿಟ್ಟಿತು. ಅದಕ್ಕೂ ಹತ್ತು ವರ್ಷ ಮುಂಚೆ, 2012ರ ಡಿಸೆಂಬರಿನಲ್ಲಿ, ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ ಸೇರಿದ ಕೆಲವು ಸಂಪಾದಕರೂ ವಿಜ್ಞಾನಿಗಳೂ, ಪತ್ರಿಕೆಯ ಇಂಪ್ಯಾಕ್ಟ್ ಫ್ಯಾಕ್ಟರ್ ನೋಡಿ ವಿಜ್ಞಾನಿಯನ್ನು ಅಳೆಯುವುದು ಬೇಡ, ಪ್ರಬಂಧದಲ್ಲಿ ಏನಿದೆ ಎಂದು ನೋಡಿ ಎಂಬ ಹೇಳಿಕೆ ಸಿದ್ಧಪಡಿಸಿದ್ದರು. ಓದಿ ನೋಡಿ ಎಂದು ಹೇಳುವುದಕ್ಕೂ ಒಂದು ಘೋಷಣೆ ಬೇಕಾಯಿತು!

ಮಗನೋ ಮಗಳೋ ಸಂಶೋಧನೆಗೆ ಸೇರುವ ಮನೆಯವರು, ಮಾರ್ಗದರ್ಶಕರ ಹೆಸರಿನ ಮುಂದೆ ಎಷ್ಟು ಪ್ರಬಂಧ ಇದೆ ಎಂದು ಕೇಳುವುದರಲ್ಲಿ ತಪ್ಪೇನಿಲ್ಲ. ಅದರ ಜೊತೆಗೆ ಅವುಗಳಲ್ಲಿ ಯಾವುದಾದರೂ ಒಂದನ್ನು ಕೊಡಿ ಎಂದು ಕೇಳಿ, ಬಲ್ಲವರೊಬ್ಬರಿಂದ ಓದಿಸಿದರೆ ಇನ್ನೂ ಮೇಲು. ಅವರ ಹಿಂದಿನ ವಿದ್ಯಾರ್ಥಿಗಳು ಈಗ ಎಲ್ಲಿದ್ದಾರೆಂದು ವಿಚಾರಿಸುವುದನ್ನೂ ಮರೆಯಬೇಡಿ.

ಲೌರಿ 1996ರಲ್ಲಿ ತೀರಿಕೊಂಡರು. ಪ್ರೋಟೀನು ಅಳೆಯಲು ಅದಕ್ಕಿಂತ ಸುಲಭದ ವಿಧಾನಗಳು ಈಗ ಬಂದಿವೆ. ಆದರೂ ಜೀವರಸಾಯನ ವಿಜ್ಞಾನ ಓದುವವರ ಪ್ರಯೋಗಗಳ ಪಟ್ಟಿಯಲ್ಲಿ ಲೌರಿ ವಿಧಾನ ಉಳಿದಿದೆ. ಕ್ಷಾರೀಯ ತಾಮ್ರದ ದ್ರಾವಣ ಹಾಕಿ ಹತ್ತು ನಿಮಿಷ ಕಾಯಬೇಕು. ಆಮೇಲೆ ಫೋಲಿನ್ ದ್ರಾವಣ ಹಾಕಿದ ಕ್ಷಣವೇ ಕುಲುಕಬೇಕು, ಏಕೆಂದರೆ ಕ್ಷಾರದಲ್ಲಿ ಅದು ಬೇಗ ಕೆಡುತ್ತದೆ. ಮತ್ತೆ ಅರ್ಧ ಗಂಟೆ ಕಾಯಬೇಕು. ಪಕ್ಕದವರೊಡನೆ ಹರಟುತ್ತ ಕುಲುಕಲು ಮರೆತವರ ಪ್ರನಾಳದಲ್ಲಿ ನೀಲಿ ಸರಿಯಾಗಿ ಬರುವುದಿಲ್ಲ, ನಕ್ಷೆಯ ಗೆರೆ ನೇರವಾಗುವುದಿಲ್ಲ. ಅವರು ಮತ್ತೆ ಮೊದಲಿನಿಂದ ಮಾಡಿ, ರೆಕಾರ್ಡ್ ಪುಸ್ತಕದಲ್ಲಿ ‘ಲೌರಿ ವಿಧಾನ’ ಎಂದು ತಲೆಬರಹ ಬರೆದು ಸಹಿಗೆ ಒಯ್ಯುತ್ತಾರೆ. ಆ ಪುಸ್ತಕಗಳು ಉಲ್ಲೇಖದ ಯಾವ ಲೆಕ್ಕಕ್ಕೂ ಸೇರುವುದಿಲ್ಲ.